ಬಾಗಿಲು ಹಾಕುವ ಹೊತ್ತು

ಪುಟ್ಟಾ,

ನೀನು ಕಳಿಸಿದ ಪಟ್ಟಿಯನ್ನು ಎರಡು ಸಲ ಓದಿದೆ. ಒಂಬತ್ತು ದಿನ, ಇಪ್ಪತ್ತೇಳು ದೇವಸ್ಥಾನ. ಬೆಂಗಳೂರು ಬಿಟ್ಟು ಶ್ರೀರಂಗ, ತಂಜಾವೂರು, ಕುಂಭಕೋಣ, ಮದುರೆ, ತಿರುವನಂತಪುರ, ಗುರುವಾಯೂರು, ವಯನಾಡಿನ ಮೇಲೆ ಮೈಸೂರು. ಗಾಡಿ ತಡೆಯುತ್ತದೆ, ನಿನ್ನ ವಯಸ್ಸೂ ತಡೆಯುತ್ತದೆ. ಆದರೂ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕು ಎಂದು ಹೇಳುವುದಕ್ಕೇ ಈ ಕಾಗದ.

1986ರಲ್ಲಿ ನಾನೂ ಹೀಗೇ ಹೊರಟಿದ್ದೆ, ನಮ್ಮ ಮೈಸೂರಿನಲ್ಲೇ ತಯಾರಾದ ಯೆಜ್ಡಿ ಬೈಕಿನ ಮೇಲೆ. ತಂಜಾವೂರು ಮುಟ್ಟುವಾಗ ಹನ್ನೆರಡೂವರೆ ದಾಟಿತ್ತು. ಗರ್ಭಗುಡಿಯ ಬಾಗಿಲು ಹಾಕಿದ್ದರು. ಮತ್ತೆ ತೆಗೆಯುವುದು ನಾಲ್ಕಕ್ಕೆ. ಅಂದೇ ಮದುರೆ ಸೇರಬೇಕೆಂಬ ಹಟ ನನಗೆ. ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಓಡುತ್ತಲೇ ಒಂದು ಸುತ್ತು ಹಾಕಿ ಹೊರಟುಬಿಟ್ಟೆ. ದಾರಿಯಲ್ಲಿ ಎರಡು ಸಲ ಪಂಚರು. ಮದುರೆಗೆ ಬಂದಾಗ ಮೀನಾಕ್ಷಿಯ ಗುಡಿಯೂ ಮುಚ್ಚಿತ್ತು. ಅಷ್ಟು ದೂರ ಹೋಗಿ ಒಂದೇ ದಿನ ಎರಡು ಮುಚ್ಚಿದ ಬಾಗಿಲು ನೋಡಿ ಬಂದೆ.

ಇಪ್ಪತ್ತು ವರ್ಷ ಕಳೆದ ಮೇಲೆ ನಿನ್ನ ದೊಡ್ಡಮ್ಮನ ಜೊತೆ ರೈಲಿನಲ್ಲಿ ತಂಜಾವೂರಿಗೆ ಹೋಗಿ ಎರಡು ದಿನ ಇದ್ದೆ. ಅಲ್ಲಿ ಗರ್ಭಗುಡಿಯ ಮೇಲಿನ ವಿಮಾನದ ನೆರಳು ನೆಲಕ್ಕೆ ಬೀಳುವುದಿಲ್ಲ ಎಂದು ನಿನಗೂ ಯಾರಾದರೂ ಹೇಳಿಯಾರು. ಬೀಳುತ್ತದಪ್ಪಾ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಸಂಜೆಯಾಗುತ್ತ ಇನ್ನೂರು ಅಡಿಗೂ ಹೆಚ್ಚು ಎತ್ತರದ ಆ ವಿಮಾನದ ನೆರಳು ನಂದಿಯ ಕಡೆಗೆ ಚಾಚುತ್ತ ಬರುತ್ತದೆ. ನಾವಿಬ್ಬರೂ ಅದರಲ್ಲೇ ಕೂತಿದ್ದೆವು. ಕಲ್ಲು ತಣಿಯುವುದು ಅಂಗಾಲಿಗೆ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಗೋಡೆಯ ಬುಡದ ಶಾಸನಗಳ ಮುಂದೆ ನಿಂತೆವು. 1010ರಲ್ಲಿ ಗುಡಿ ಮುಗಿಸಿದ ರಾಜರಾಜ ಚೋಳ ತಾನು ಕೊಟ್ಟದ್ದನ್ನಷ್ಟೇ ಬರೆಸಲಿಲ್ಲ. ಅಕ್ಕ ಕುಂದವೈ ಕೊಟ್ಟದ್ದು, ರಾಣಿಯರು ಕೊಟ್ಟದ್ದು, ಉಳಿದವರು ಕೊಟ್ಟದ್ದು ಎಲ್ಲವೂ ಅಲ್ಲಿದೆ. ಗುಡಿಯ ಸೇವೆಗೆ ತಂದ ನಾನ್ನೂರು ನರ್ತಕಿಯರ ಹೆಸರಿದೆ. ಯಾರ ಮನೆ ಯಾವ ಬೀದಿಯಲ್ಲಿ ಎಂಬುದೂ ಇದೆ. ಒಂದು ನಂದಾದೀಪಕ್ಕೆ ತೊಂಬತ್ತಾರು ಕುರಿ ಎಂಬ ಲೆಕ್ಕ: ಕುರಿಗಳನ್ನು ಒಪ್ಪಿಸಿಕೊಂಡ ಕುರುಬ ದಿನವೂ ಇಷ್ಟು ತುಪ್ಪ ಅಳೆದು ಕೊಡಬೇಕು. ಸಾವಿರ ವರ್ಷದ ಹಿಂದಿನ ಒಬ್ಬ ಕುರುಬನ ದಿನಚರಿ ಕಲ್ಲಿನಲ್ಲಿ ಉಳಿದಿದೆ, ಪುಟ್ಟಾ. ತಮಿಳು ಬಾರದಿದ್ದರೂ ಪರವಾಗಿಲ್ಲ, ಆ ಸಾಲುಗಳ ಉದ್ದಕ್ಕೂ ನಡೆದು ನೋಡು. ನಾನು ಮೊದಲ ಸಲ ಅದರ ಪಕ್ಕದಲ್ಲೇ ಓಡಿಹೋಗಿದ್ದೆ.

ಹಾಗಾಗಿ ಗುಡಿಯ ಹೊತ್ತಿಗೆ ನಿನ್ನ ಗಾಡಿಯನ್ನು ಹೊಂದಿಸು. ಬೆಳಕು ಹರಿಯುವಾಗ ಹೊರಡು, ಹತ್ತರೊಳಗೆ ಊರು ಸೇರು, ಬಾಗಿಲು ಹಾಕಿದ ಮೇಲೆ ಊಟ ಮಾಡಿ ಮಲಗು, ಸಂಜೆ ಅದೇ ಗುಡಿಗೆ ಇನ್ನೊಮ್ಮೆ ಹೋಗು. ದೀಪ ಹಚ್ಚಿದ ಮೇಲೆ ಅದು ಬೇರೆಯೇ ಗುಡಿ. ರಾತ್ರಿ ಗಾಡಿ ಓಡಿಸಬೇಡ. ಕಾವೇರಿ ಬಯಲಿನಲ್ಲಿ ಸುಗ್ಗಿಯ ಕಾಲಕ್ಕೆ ಭತ್ತ ಒಣಗುವುದು ಟಾರು ರಸ್ತೆಯ ಮೇಲೆಯೇ. ಎರಡು ಚಕ್ರದವನಿಗೆ ಭತ್ತದ ಕಾಳೂ ಒದ್ದೆ ಹುಲ್ಲೂ ಎಣ್ಣೆಯಷ್ಟೇ ಜಾರು.

ಉದ್ದ ಬೂಟು ಬಿಚ್ಚಿ ಹಾಕುವುದರಲ್ಲೇ ಜೀವ ಸಾಕಾಗುತ್ತದೆ, ಒಂದು ಜೊತೆ ಚಪ್ಪಲಿ ಚೀಲದಲ್ಲಿರಲಿ. ಮದುರೆಯಲ್ಲಿ ಮೊಬೈಲು ಒಳಗೆ ಬಿಡುವುದಿಲ್ಲ. 2022ರಲ್ಲಿ ಮದ್ರಾಸ್ ಹೈಕೋರ್ಟು ತಮಿಳುನಾಡಿನ ಎಲ್ಲ ಗುಡಿಗಳಿಗೂ ಹಾಗೆಯೇ ಆದೇಶ ಮಾಡಿದೆ. ಮೊಬೈಲು ಜೊತೆಗಿರುವುದಿಲ್ಲ, ಉಳಿದುಕೊಂಡ ಲಾಡ್ಜಿನ ವಿಳಾಸವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೋ.

ಇನ್ನೊಂದು ಮಾತು, ಇದನ್ನು ಬರೆಯಲು ಎರಡು ದಿನ ತಡೆದೆ. ನಿನ್ನ ಜೊತೆ ಬರುತ್ತಿರುವ ಗೆಳೆಯ ಕ್ರೈಸ್ತರ ಹುಡುಗ. ತಂಜಾವೂರಿನ ಅಂಗಳದಲ್ಲಿ ಅವನು ನಿನ್ನ ಪಕ್ಕದಲ್ಲೇ ಕೂರಬಹುದು. ಗುರುವಾಯೂರಿನಲ್ಲಿ, ತಿರುವನಂತಪುರದ ಅನಂತಪದ್ಮನಾಭನ ಗುಡಿಯಲ್ಲಿ ಅವನನ್ನು ಒಳಗೆ ಬಿಡುವುದಿಲ್ಲ. ಬಾಗಿಲಿನವರೆಗೆ ಕರೆದುಕೊಂಡು ಹೋಗಿ ಅಲ್ಲಿ ತಿಳಿಸಬೇಡ. ಹೊರಡುವ ಮೊದಲೇ ಕೂತು ಮಾತಾಡು. ಗುರುವಾಯೂರಪ್ಪನ ಮೇಲೆ ಅಷ್ಟು ಹಾಡಿದ, ಕ್ರೈಸ್ತರಾಗಿ ಹುಟ್ಟಿದ ಗಾಯಕ ಯೇಸುದಾಸರೂ ವರ್ಷಗಟ್ಟಲೆ ಆ ಬಾಗಿಲ ಹೊರಗೇ ಉಳಿದರು. ನನಗೆ ಇದು ಸಂಕಟದ ವಿಷಯ, ನಿನ್ನಿಂದ ಮುಚ್ಚಿಡುವುದಿಲ್ಲ. ನಾವು ಸಲೀಸಾಗಿ ದಾಟುವ ಹೊಸ್ತಿಲುಗಳು ಎಲ್ಲ ಹಿಂದೂಗಳಿಗೂ ತೆರೆದಿರಲಿಲ್ಲ. 1931ರಲ್ಲಿ ಕೇಳಪ್ಪನ್ ಅವರು ಗುರುವಾಯೂರಿನಲ್ಲಿ ಸತ್ಯಾಗ್ರಹ ಹೂಡಿದರು. ಬಾಗಿಲು ತೆರೆದದ್ದು 1947ರಲ್ಲಿ. ಮದುರೆಯಲ್ಲಿ ವೈದ್ಯನಾಥ ಅಯ್ಯರ್ ಅವರು ದಲಿತರನ್ನು ಕರೆದುಕೊಂಡು ಮೀನಾಕ್ಷಿಯ ಗುಡಿಯೊಳಗೆ ಹೋದದ್ದು 1939ರ ಜುಲೈನಲ್ಲಿ. ನಿನ್ನ ಮುತ್ತಜ್ಜ ಆಗ ಬದುಕಿದ್ದರು, ಅಷ್ಟು ಹತ್ತಿರದ ಮಾತು. ಗುರುವಾಯೂರಿಗೆ, ಅನಂತಪದ್ಮನಾಭನ ಗುಡಿಗೆ ನೀನೊಬ್ಬನೇ ಹೋಗುತ್ತೀಯೋ, ಗೆಳೆಯನ ಜೊತೆ ಹೊರಗೇ ಉಳಿಯುತ್ತೀಯೋ, ನಿನಗೆ ಬಿಟ್ಟದ್ದು. ಉಳಿದರೆ ನಾನು ಬೇಸರಪಡುವುದಿಲ್ಲ.

ಹೋಗುವುದಾದರೆ ಅಲ್ಲಿ ಗಂಡಸರು ಅಂಗಿ ತೆಗೆದು ಪಂಚೆ ಉಟ್ಟೇ ಹೋಗಬೇಕು. ಬಾಗಿಲಲ್ಲಿ ಬಾಡಿಗೆಗೆ ಹುಡುಕಬೇಡ. ನಿನ್ನ ದೊಡ್ಡಮ್ಮ ಒಂದು ಹತ್ತಿ ಪಂಚೆ ಒಗೆದು ಮಡಿಸಿಟ್ಟಿದ್ದಾಳೆ. ಭಾನುವಾರ ಬಂದು ತೆಗೆದುಕೊಂಡು ಹೋಗು. ಆ ಹುಡುಗನನ್ನೂ ಊಟಕ್ಕೆ ಕರೆದುಕೊಂಡು ಬಾ.

ಇತಿ,
ನಿನ್ನ ದೊಡ್ಡಪ್ಪ