ಎದುರುಗಾಳಿಯಲ್ಲಿ ಐದು ಸೈಕಲ್ಲುಗಳು

ಆಷಾಢದ ಒಂದು ಭಾನುವಾರ ಬೆಳಗ್ಗೆ ನಾವು ಐವರು ಗೆಳೆಯರು ಸೈಕಲ್ಲುಗಳೊಡನೆ ಭರಮಸಾಗರದ ಕೆರೆಯ ಏರಿಯ ಬಳಿ ಕೂಡಿದೆವು. ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರನ್ನು ಹೊತ್ತ ಕೆರೆ ಇದು. ಬಯಲುಸೀಮೆಯ ಮಳೆಯನ್ನೇ ನಂಬಿಕೊಂಡಿದ್ದ ಈ ಕೆರೆಗೆ 2021ರಲ್ಲಿ ತುಂಗಭದ್ರೆಯ ನೀರನ್ನು ಪಂಪುಗಳಿಂದ ಎತ್ತಿ ತಂದು ಹರಿಸಿದರು. ಅಂದು ಕೆರೆಯಲ್ಲಿ ನೀರಿತ್ತು. ಆ ನೀರಿನ ಮೇಲೆ ಪಡುವಣ ದಿಕ್ಕಿನಿಂದ ಸಣ್ಣ ಸಣ್ಣ ಅಲೆಗಳು ಎದ್ದು ಬರುತ್ತಿದ್ದವು. ಈ ಅಲೆಗಳನ್ನು ನೋಡಿಯೇ ನಾವು ಎಚ್ಚೆತ್ತುಕೊಳ್ಳಬೇಕಾಗಿತ್ತು.

ಹೆದ್ದಾರಿಯ ಲಾರಿಗಳ ಗೊಡವೆ ಬೇಡವೆಂದು, ಮೆಕ್ಕೆಜೋಳದ ಹೊಲಗಳ ನಡುವಣ ಹಳ್ಳಿಯ ದಾರಿಗಳಲ್ಲಿ ಪಡುವಣಕ್ಕೆ 12 ಕಿಲೋಮೀಟರ್ ಹೋಗಿ, ಎಲ್ಲಿಯಾದರೂ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿ, ಮರಳಿ ಬರುವುದೆಂದು ನಿಶ್ಚಯಿಸಿದ್ದೆವು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯವನು ಟೈಫಾಯ್ಡ್ ಜ್ವರದಿಂದ ಎದ್ದು ಎರಡು ತಿಂಗಳಷ್ಟೇ ಆಗಿತ್ತು. ವೈದ್ಯರು ಒಪ್ಪಿಗೆ ಕೊಟ್ಟಿದ್ದರು. ಆದರೂ ಅವನ ತಾಯಿ ಬಾಗಿಲವರೆಗೆ ಬಂದು, "ಅವನನ್ನು ಹಿಂದೆ ಬಿಟ್ಟು ನೀವು ಮುಂದೆ ಹೋಗಬೇಡಿರಪ್ಪಾ" ಎಂದು ಹೇಳಿದ್ದರು. ಹೂಂ ಎಂದು ಹೊರಟ ನಾವು ಒಂದು ಗಂಟೆಯೂ ಕಳೆಯುವ ಮೊದಲೇ ಆ ಮಾತನ್ನು ಮರೆತೆವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ನಡೆದುದಿಷ್ಟೆ. ಗಂಟೆಗೆ 15 ಕಿಲೋಮೀಟರಿನಂತೆ ಹೋಗೋಣವೆಂದು ನಾವು ಮೊದಲೇ ಲೆಕ್ಕ ಹಾಕಿದ್ದೆವು. ಗಟ್ಟಿಮುಟ್ಟಾದ ಇಬ್ಬರು ಆ ಲೆಕ್ಕವನ್ನು ಬಿಡಲಿಲ್ಲ. ನಾಲ್ಕು ಕಿಲೋಮೀಟರ್ ದಾಟಿ ಹಿಂದಿರುಗಿ ನೋಡಿದರೆ ಕಿರಿಯವನ ಸುಳಿವಿಲ್ಲ! ಮರಳಿ ಹೋದಾಗ ಅವನು ಹೊಂಗೆಯ ಮರದ ಕೆಳಗೆ ಸೈಕಲ್ಲನ್ನು ಕೆಡವಿ ಕುಳಿತಿದ್ದನು. ಮುಖ ಬಿಳಿಚಿತ್ತು, ಕೈಗಳು ಸಣ್ಣಗೆ ನಡುಗುತ್ತಿದ್ದವು. ನೀರು, ಬೆಲ್ಲ, ಚಿಟಿಕೆ ಉಪ್ಪು ಕೊಟ್ಟು ಅರ್ಧ ಗಂಟೆ ಕೂರಿಸಿದ ಮೇಲೆ ಅವನು ಚೇತರಿಸಿಕೊಂಡನು. ಮನೆಗೆ ಮರಳೋಣವೆಂದರೆ ಅವನು ಒಪ್ಪಲೊಲ್ಲ. ಆಗ ನಾವು ಮಾಡಿದ ಲೆಕ್ಕವನ್ನೇ ಇಲ್ಲಿ ವಿದ್ಯಾರ್ಥಿ ಮಿತ್ರರ ಮುಂದಿಡುತ್ತೇವೆ.

ಸಮತಟ್ಟಾದ ದಾರಿಯಲ್ಲಿ ಸೈಕಲ್ ಸವಾರನು ಮುಖ್ಯವಾಗಿ ಎರಡು ವಿರೋಧಗಳನ್ನು ಎದುರಿಸಬೇಕು. ಮೊದಲನೆಯದು ಗಾಲಿ ಉರುಳುವಾಗಿನ ಘರ್ಷಣೆ. ಟೈರು ನೆಲಕ್ಕೆ ತಾಗಿದೆಡೆಯಲ್ಲಿ ಅಮುಕಲ್ಪಟ್ಟು, ಮತ್ತೆ ಉಬ್ಬಿಕೊಳ್ಳುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 85 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಡಾಂಬರಿನ ಮೇಲೆ ಈ ವಿರೋಧ ಸುಮಾರು 5 ನ್ಯೂಟನ್. ಮಣ್ಣಿನ ದಾರಿಯಲ್ಲಿ ಅದು ಎರಡು ಮೂರು ಪಟ್ಟು ಏರಬಹುದು. ಟೈರಿನಲ್ಲಿ ಗಾಳಿ ಕಡಮೆಯಾದರೆ ಇನ್ನೂ ಹೆಚ್ಚು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿಯ ಬಂಡಿಗೆಂದು ಹವಣಿಸಿದ ಗಾಳಿ ತುಂಬಿದ ಟೈರು ಲೋಕವನ್ನು ಗೆದ್ದದ್ದು ಮೈಕುಲುಕನ್ನು ತಪ್ಪಿಸಿದ್ದರಿಂದ ಮಾತ್ರವಲ್ಲ, ಈ ಘರ್ಷಣೆಯನ್ನು ತಗ್ಗಿಸಿದ್ದರಿಂದಲೂ ಹೌದು.

ಎರಡನೆಯದು ಗಾಳಿಯ ವಿರೋಧ. ಇದರ ಸ್ವಭಾವವೇ ಬೇರೆ. ಉರುಳುವ ಘರ್ಷಣೆ ವೇಗವನ್ನು ಹೆಚ್ಚಾಗಿ ಲೆಕ್ಕಿಸುವುದಿಲ್ಲ. ಗಾಳಿಯ ವಿರೋಧವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಮ್ಮಂತೆ ನೆಟ್ಟಗೆ ಕುಳಿತು ಹೋಗುವವನಿಗೆ, ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದು ಅದರ ವರ್ಗವನ್ನು 0.33ರಿಂದ ಗುಣಿಸಿದರೆ ವಿರೋಧವು ನ್ಯೂಟನ್‌ಗಳಲ್ಲಿ ದೊರೆಯುತ್ತದೆ. ಇಲ್ಲೊಂದು ಎಚ್ಚರಿಕೆ: ಈ ವೇಗ ನೆಲಕ್ಕೆ ಸಂಬಂಧಿಸಿದ್ದಲ್ಲ, ಗಾಳಿಗೆ ಸಂಬಂಧಿಸಿದ್ದು. ಗಾಳಿಯಿಲ್ಲದ ದಿನ ಗಂಟೆಗೆ 15 ಕಿಲೋಮೀಟರ್ ಹೋದರೆ ವಿರೋಧ 6 ನ್ಯೂಟನ್. ಅಂದು ಎದುರುಗಾಳಿ ಗಂಟೆಗೆ 10 ಕಿಲೋಮೀಟರ್ ಇತ್ತೆಂದು ಎಣಿಸೋಣ. ಆಗ ಎದೆಗೆ ಬಡಿಯುವ ಗಾಳಿಯ ವೇಗ 25 ಕಿಲೋಮೀಟರ್. ವಿರೋಧ 16 ನ್ಯೂಟನ್!

ವಿರೋಧದ ಬಲವನ್ನು ನೆಲದ ಮೇಲಿನ ವೇಗದಿಂದ ಗುಣಿಸಿದರೆ ಸವಾರನು ಒದಗಿಸಬೇಕಾದ ಸಾಮರ್ಥ್ಯ ತಿಳಿಯುತ್ತದೆ. ಗಾಳಿಯಿಲ್ಲದಾಗ 46 ವಾಟ್ ಸಾಕು. ಎದುರುಗಾಳಿಯಲ್ಲಿ ಅದೇ ವೇಗಕ್ಕೆ 88 ವಾಟ್ ಬೇಕು. ನಮ್ಮ ಗಟ್ಟಿಗರಿಗೆ ಇದು ಹೆಚ್ಚೆನಿಸಲಿಲ್ಲ. ಜ್ವರದಿಂದ ಎದ್ದವನಿಗೆ ಅದು ಎರಡರಷ್ಟು ದುಡಿಮೆ. ಅಷ್ಟೇ ಅಲ್ಲ, ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಕೆಲಸವನ್ನಾಗಿ ಮಾರ್ಪಡಿಸಬಲ್ಲವು. ಉಳಿದ ಮೂರು ಪಾಲು ಶಾಖ. 88 ವಾಟ್ ಕೆಲಸದ ಬೆನ್ನಿಗೆ 264 ವಾಟ್ ಶಾಖ ಹುಟ್ಟುತ್ತದೆ. ಅದನ್ನೆಲ್ಲ ಬೆವರೇ ಹೊರಹಾಕಬೇಕಾದರೆ ಗಂಟೆಗೆ 400 ಮಿಲಿಲೀಟರಿನಷ್ಟು ಬೆವರು ಆರಿಹೋಗಬೇಕು. ಕಿರಿಯವನ ನೀರಿನ ಸೀಸೆ ಬರಿದಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಉಪಾಯವೇನು? ಮೊದಲನೆಯದು ನಿಧಾನ. ಗಂಟೆಗೆ 10 ಕಿಲೋಮೀಟರಿಗೆ ಇಳಿದರೆ ಎದೆಗೆ ಬಡಿಯುವ ಗಾಳಿ 20 ಕಿಲೋಮೀಟರ್, ವಿರೋಧ 10 ನ್ಯೂಟನ್, ಬೇಕಾದ ಸಾಮರ್ಥ್ಯ 42 ವಾಟ್. ವೇಗವನ್ನು ಮೂರರಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಇಂಥ ಲಾಭದ ವ್ಯಾಪಾರ ಅಂಗಡಿಬೀದಿಯಲ್ಲಿ ಸಿಕ್ಕುವುದು ಅಪರೂಪ.

ಎರಡನೆಯದು ಮರೆ. ಸವಾರನ ಬೆನ್ನ ಹಿಂದೆ ಗಾಳಿ ಸುಳಿಸುಳಿಯಾಗಿ, ಅವನೊಡನೆಯೇ ಮುಂದಕ್ಕೆ ಎಳೆಯಲ್ಪಡುತ್ತದೆ. ಅಲ್ಲಿ ಹೊಕ್ಕವನಿಗೆ ಎದುರುಗಾಳಿಯ ಹೊಡೆತ ಕಡಮೆ. ಒಂದು ಮೀಟರ್ ಹಿಂದಿದ್ದರೆ ಗಾಳಿಯ ವಿರೋಧದಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿಯುತ್ತದೆ. ಆದರೆ ಗುಂಡಿ ಬಿದ್ದ ಹಳ್ಳಿಯ ದಾರಿಯಲ್ಲಿ ಅಷ್ಟು ಹತ್ತಿರ ಹೋಗುವುದು ಅವಿವೇಕ. ಮುಂದಿನವನು ಬ್ರೇಕು ಒತ್ತಿದರೆ ಹಿಂದಿನವನು ನೆಲಕ್ಕೆ ಬೀಳುವುದು ಖಂಡಿತ. ನಾವು ಎರಡು ಮೀಟರ್ ಅಂತರವಿಟ್ಟು, ಕಾಲು ಪಾಲಿನ ಉಳಿತಾಯಕ್ಕೆ ತೃಪ್ತಿಪಟ್ಟೆವು. ನಮ್ಮಲ್ಲಿ ಅತ್ಯಂತ ದಪ್ಪಗಿದ್ದ ಗೆಳೆಯನನ್ನು ಮುಂದೆ ಬಿಟ್ಟು, ಅವನ ಬೆನ್ನಿಗೆ ಕಿರಿಯವನನ್ನು ನಿಲ್ಲಿಸಿದೆವು. ಊಟದ ವಿಷಯದಲ್ಲಿ ನಮ್ಮಿಂದ ಹಾಸ್ಯಕ್ಕೊಳಗಾಗುತ್ತಿದ್ದ ಆತನಿಗೆ ಅಂದು ದೊರೆತ ಮರ್ಯಾದೆ ಅಷ್ಟಿಷ್ಟಲ್ಲ. ಈಗ ಕಿರಿಯವನ ಪಾಲಿಗೆ ಬಂದದ್ದು 35 ವಾಟ್ ಮಾತ್ರ. ಮುಂದಿನವನಿಗೂ ಇದರಿಂದ ನಷ್ಟವಿಲ್ಲ. ಹಿಂದೆ ಒಬ್ಬನಿದ್ದರೆ ಸುಳಿಗಳ ಎಳೆತ ತುಸು ತಗ್ಗಿ, ಅವನಿಗೂ ಅತ್ಯಲ್ಪ ಲಾಭವೇ ಉಂಟು.

ಗಾಳಿಗೆ ಎದೆಗೊಟ್ಟು ಹೋಗುವಾಗ ದೂರದ ಗುಡ್ಡಗಳ ಸಾಲಿನತ್ತ ನಮ್ಮ ಗಮನ ಹರಿಯಿತು. ಚಿತ್ರದುರ್ಗದ ಸುತ್ತಣ ಗುಡ್ಡಗಳ ಮೇಲೆ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ನಿಂತಿವೆಯಷ್ಟೆ. ನಮ್ಮ ಉಸಿರು ಕಟ್ಟಿಸಿದ ಗಾಳಿಯೇ ಅವುಗಳ ಆಹಾರ. ಗಾಳಿಯ ವೇಗ ಇಮ್ಮಡಿಯಾದರೆ ಅದರಿಂದ ಪಡೆಯಬಹುದಾದ ಸಾಮರ್ಥ್ಯ ಎಂಟು ಮಡಿಯಾಗುತ್ತದೆ. ಆದುದರಿಂದಲೇ ಬಯಲನ್ನು ಬಿಟ್ಟು ಗುಡ್ಡದ ನೆತ್ತಿಯನ್ನು ಹುಡುಕಿ ಅವನ್ನು ನೆಟ್ಟಿರುವುದು.

ನಿಧಾನಕ್ಕೂ ಒಂದು ತೊಡಕುಂಟು. ನಮ್ಮ ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಸಾಗುತ್ತದೆ. ಗಂಟೆಗೆ 15 ಕಿಲೋಮೀಟರಿನಲ್ಲಿ ನಿಮಿಷಕ್ಕೆ 46 ಸುತ್ತು, 10ರಲ್ಲಿ 31 ಸುತ್ತು. ಮೂವತ್ತು ಮೀಟರಿಗೆ ಒಂದು ಮೀಟರಿನಂತೆ ಏರುವ ದಿಬ್ಬ ಬಂದಿತೆಂದರೆ 85 ಕಿಲೋಗ್ರಾಮಿನ ಭಾರವೊಂದೇ 28 ನ್ಯೂಟನ್ನಿನಷ್ಟು ಹಿಂದಕ್ಕೆ ಎಳೆಯುತ್ತದೆ. ಗಾಳಿ, ಘರ್ಷಣೆಗಳೆರಡೂ ಕೂಡಿದರೂ ಅಷ್ಟಾಗುವುದಿಲ್ಲ. ಗಿಯರಿಲ್ಲದ ಸೈಕಲ್ಲಿನವರು ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಲೇಸು. ನಾವೂ ಹಾಗೆಯೇ ಮಾಡಿದೆವು. ನಡೆಯುವಾಗ ಮಾತಿಗೂ ಅವಕಾಶ ಸಿಕ್ಕಿತು. ತೀರ ನಿಧಾನವಾದರೆ ಸೈಕಲ್ಲು ಏಕೆ ಓಲಾಡುತ್ತದೆಂದು ಒಬ್ಬನು ಕೇಳಿದನು. ತಿರುಗುವ ಗಾಲಿ ಬುಗುರಿಯಂತೆ ನಿಲ್ಲುವುದರಿಂದಲೇ ಸೈಕಲ್ಲು ಬೀಳುವುದಿಲ್ಲವೆಂದು ಬಹಳ ಪುಸ್ತಕಗಳು ಹೇಳುತ್ತಿದ್ದವು. ಆದರೆ 2011ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ಜೊತೆಗೂಡಿ, ಆ ಬುಗುರಿಯ ಗುಣವನ್ನು ರದ್ದುಪಡಿಸಿದ ಸೈಕಲ್ಲೊಂದನ್ನು ರಚಿಸಿದರು. ತಳ್ಳಿ ಬಿಟ್ಟರೆ ಸವಾರನಿಲ್ಲದೆಯೇ ಅದು ನೆಟ್ಟಗೆ ಓಡಿತು. ವಾಲಿದ ಕಡೆಗೆ ಹ್ಯಾಂಡಲು ಹೊರಳಿ, ಗಾಲಿಗಳನ್ನು ಭಾರದ ಕೆಳಕ್ಕೆ ತರುವುದೇ ಮುಖ್ಯ. ವೇಗ ಕಡಮೆಯಾದಷ್ಟೂ ಹ್ಯಾಂಡಲನ್ನು ಹೆಚ್ಚು ಹೊರಳಿಸಬೇಕಾಗುತ್ತದೆ.

ಬುತ್ತಿಯ ಜೊತೆಗೆ ಮಂಡಕ್ಕಿ ಮೆಣಸಿನಕಾಯಿಯನ್ನೂ ಮುಗಿಸಿ ಮರಳುವಾಗ ಗಾಳಿ ನಮ್ಮ ಬೆನ್ನಿಗಿತ್ತು. 15 ಕಿಲೋಮೀಟರ್ ವೇಗಕ್ಕೆ ಈಗ 23 ವಾಟ್ ಸಾಕು. ಹೋಗುವಾಗ ಕಳೆದ ಹೊತ್ತನ್ನು ಬರುವಾಗ ತುಂಬಿಕೊಳ್ಳೋಣವೆಂದು ಗಟ್ಟಿಗರು ಮತ್ತೆ ತವಕಪಟ್ಟರು. ಆದರೆ ಲೆಕ್ಕ ಒಪ್ಪುವುದಿಲ್ಲ. 10ರ ವೇಗದಲ್ಲಿ ಹೋಗಿ 20ರ ವೇಗದಲ್ಲಿ ಬಂದರೂ 24 ಕಿಲೋಮೀಟರಿಗೆ 108 ನಿಮಿಷ. ಎರಡು ಕಡೆಯೂ 15ರಲ್ಲಿ ಸಾಗಿದ್ದರೆ 96. ಅಲ್ಲದೆ ಗಾಳಿ ನಮ್ಮೊಡನೆಯೇ ಬರುತ್ತಿದ್ದುದರಿಂದ ಮೈಗೆ ಅದರ ಸೋಂಕಿಲ್ಲ. ಬೆವರು ಆರದೆ ಅಂಗಿ ಬೆನ್ನಿಗೆ ಅಂಟಿತು. ಎರಡು ಕಡೆ ನಿಂತು ನೀರು ಕುಡಿದೆವು. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ದಪ್ಪ ಗೆಳೆಯನ ಟ್ಯೂಬು ಪಂಕ್ಚರಾದ್ದರಿಂದ ಮೂರನೆಯ ಬಾರಿಯೂ ನಿಲ್ಲಬೇಕಾಯಿತು.

ಕೆರೆಯ ಏರಿ ಕಾಣಿಸಿದಾಗ ಕಿರಿಯವನು ಎಲ್ಲರಿಗಿಂತ ಮುಂದಿದ್ದನು. ಪೆಡಲು ತುಳಿಯುವುದನ್ನು ನಿಲ್ಲಿಸಿ, ಹಿಂದಿನ ಗಾಲಿಯ ಟಿಕಟಿಕ ಸದ್ದನ್ನು ಕೇಳುತ್ತಾ ಇಳಿಜಾರಿನಲ್ಲಿ ಸಾಗಿದ ಅವನನ್ನು ನಾವಾರೂ ಹಿಂದೆ ಹಾಕಲಿಲ್ಲ.