ಶಾರ್ಜಾದ ಅಂಗಡಿಯಲ್ಲಿ ಕೂರುವವರು ಯಾರು?

ಪ್ರಶ್ನೆ: ನಾನು ಖಾನಾಪುರ ತಾಲ್ಲೂಕಿನವನು, ವಯಸ್ಸು 36. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ನನಗೆ ಐಟಿಐ ಓದಿಸಿದರು. ಈಗ ಬೆಳಗಾವಿಯ ಉದ್ಯಮಬಾಗದಲ್ಲಿ ಸ್ವಂತ ಶೆಡ್ ಇದೆ. ಎರಡು ಸಿಎನ್‌ಸಿ, ಮೂರು ಲೇಥ್. ಹೈಡ್ರಾಲಿಕ್ ಸಿಲಿಂಡರಿನ ಪಿಸ್ಟನ್ ರಾಡ್, ಬುಷ್ ಮಾಡಿಕೊಡುತ್ತೇವೆ. ತಮ್ಮನೂ ಜೊತೆಗಿದ್ದಾನೆ. ದೊಡ್ಡಪ್ಪನ ಮಗ ಹಲವು ವರ್ಷಗಳಿಂದ ಶಾರ್ಜಾದಲ್ಲಿ ಕ್ರೇನ್ ಕಂಪನಿಯೊಂದರ ಸೂಪರ್‌ವೈಸರ್. ಅಲ್ಲಿ ಸಿಲಿಂಡರ್ ರಿಪೇರಿಗೆ ಭಾಳ ಕೆಲಸ ಇದೆ, ಇಬ್ಬರೂ ಕೂಡಿ ಅಂಗಡಿ ಹಾಕೋಣ ಅನ್ನುತ್ತಾನೆ. "ವಿಸಿಟ್ ಮ್ಯಾಲೆ ಬಂದ್ಬಿಡು ತಮ್ಮಾ, ಇಬ್ಬರು ಫಿಟ್ಟರನ್ನೂ ಕರಕೊಂಡ್ ಬಾ, ಉಳದದ್ದು ಇಲ್ಲಿ ನೋಡೂಣು" ಅಂತಾನೆ. ಬೆಳಗಾವಿಯ ಏಜೆಂಟರೊಬ್ಬರು ನಾಲ್ಕೂವರೆ ಲಕ್ಷಕ್ಕೆ ಫ್ರೀ ಝೋನ್ ಲೈಸೆನ್ಸು, ಇನ್ವೆಸ್ಟರ್ ವೀಸಾ ಸೇರಿಸಿ ಪ್ಯಾಕೇಜ್ ಹೇಳಿದ್ದಾರೆ. ಈ ತಿಂಗಳೊಳಗೆ ಒಂದು ಲಕ್ಷ ಮುಂಗಡ ಕೊಡಬೇಕಂತೆ. ಇನ್ನೊಬ್ಬರು, "ದುಬೈ ಯಾಕ್ರೀ, ಅಮೆರಿಕದ ಇ-2 ವೀಸಾ ಮಾಡಿಸಿ ಕೊಡ್ತೀನಿ, ಹೆಂಡತಿ ಮಕ್ಕಳನ್ನೂ ಕರ್ಕೊಂಡ್ ಹೋಗ್ರಿ" ಅನ್ನುತ್ತಾರೆ. ಶೆಡ್ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದು ಹಣ ಹೊಂದಿಸುವ ವಿಚಾರ ಇದೆ. "ಇದ್ದದ್ದು ಬಿಟ್ಟು ಹೋಗಬ್ಯಾಡ" ಎಂದು ಅವ್ವ ಊಟ ಬಿಟ್ಟಿದ್ದಾಳೆ. ನನಗೂ ನಿದ್ದೆ ಇಲ್ಲ. ಯಾವ ವೀಸಾ ಸರಿ, ದಾರಿ ತೋರಿಸಿ.
— ಹೆಸರು ಬೇಡ, ಖಾನಾಪುರ

ಉತ್ತರ: ಮೊದಲು ಅವ್ವನಿಗೆ ಊಟ ಮಾಡಲು ಹೇಳಿ. ಈ ತಿಂಗಳು ನೀವು ಎಲ್ಲಿಗೂ ಹೋಗುವುದಿಲ್ಲ, ಯಾರಿಗೂ ಮುಂಗಡ ಕೊಡುವುದಿಲ್ಲ. ಅಷ್ಟು ಖಚಿತವಾದರೆ ನಿಮಗೂ ನಿದ್ದೆ ಬಂದೀತು.

ಯಾವ ವೀಸಾ ಎಂದು ಕೇಳಿದ್ದೀರಿ. ಅಂಗಡಿಯಲ್ಲಿ ದಿನಾ ಕೂರುವವರು ಯಾರು ಎಂಬುದನ್ನು ಮಾತ್ರ ನಿಮ್ಮ ಪತ್ರ ಎಲ್ಲಿಯೂ ಹೇಳುವುದಿಲ್ಲ. ನೀವೋ, ತಮ್ಮನೋ, ಅಣ್ಣನೋ? ಅದು ತೀರ್ಮಾನವಾಗದೆ ವೀಸಾದ ಮಾತೇ ಹುಟ್ಟುವುದಿಲ್ಲ. ಪರದೇಶದ ಕಂಪನಿಯ ಮಾಲೀಕನಾಗುವುದಕ್ಕೆ ಅಲ್ಲಿ ವಾಸದ ವೀಸಾ ಸಾಮಾನ್ಯವಾಗಿ ಬೇಕಿಲ್ಲ. ಅಲ್ಲಿ ಕೂತು ದುಡಿಯುವುದಕ್ಕೆ ಬೇಕು. ನಿಮ್ಮದೇ ಜಿಲ್ಲೆಯನ್ನು ನೋಡಿ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಕಂಪನಿಗೆ ಫ್ರಾನ್ಸ್‌ನಲ್ಲಿಯೂ ಅಮೆರಿಕದ ಟೆಕ್ಸಾಸ್‌ನಲ್ಲಿಯೂ ಕಾರ್ಖಾನೆಗಳಿವೆ. ಅದಕ್ಕಾಗಿ ಇಲ್ಲಿಯವರು ಮನೆಮಠ ಮಾರಿಕೊಂಡು ಅಲ್ಲಿ ನೆಲೆಸಬೇಕಾಗಲಿಲ್ಲ. ಏಕಸ್‌ಗೂ ನಿಮ್ಮ ಐದು ಯಂತ್ರದ ಶೆಡ್ಡಿಗೂ ಎಲ್ಲಿಯ ಹೋಲಿಕೆ ಎನ್ನಬಹುದು. ಗಾತ್ರದಲ್ಲಿ ಇಲ್ಲ, ಕಾನೂನಿನಲ್ಲಿ ಇದೆ.

ಇನ್ನು ಏಜೆಂಟರ ಪ್ಯಾಕೇಜ್. ಫ್ರೀ ಝೋನ್ ಲೈಸೆನ್ಸು ಮೋಸವಲ್ಲ. ಆಮದು ರಫ್ತು ಮಾಡುವವರಿಗೆ, ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರಿಗೆ ಅದು ಅಗ್ಗದ, ಸಲೀಸಾದ ದಾರಿ. ನಿಮ್ಮ ಕೆಲಸ ಅದಲ್ಲ. ನಿಮ್ಮ ಗಿರಾಕಿಗಳು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನವರು, ಕ್ರೇನ್ ಯಾರ್ಡಿನವರು. ಎಣ್ಣೆ ಸೋರುವ ಸಿಲಿಂಡರನ್ನು ಅವರು ಬೆಳಿಗ್ಗೆ ತಂದು ಇಳಿಸುತ್ತಾರೆ. ನೀವು ಬಿಚ್ಚಬೇಕು, ರಾಡ್ ಬಾಗಿದೆಯೋ ನೋಡಬೇಕು, ಸೀಲ್ ಕಿಟ್ ಹಾಕಿ, ಪ್ರೆಶರ್ ಕೊಟ್ಟು ನೋಡಿ, ಸಂಜೆಗೆ ಒಪ್ಪಿಸಬೇಕು. ಇದು ಮೇನ್‌ಲ್ಯಾಂಡ್, ಅಂದರೆ ಝೋನಿನ ಹೊರಗಿನ, ವ್ಯಾಪಾರ. ಫ್ರೀ ಝೋನ್ ಕಂಪನಿ ಝೋನಿನ ಬೇಲಿ ದಾಟಿ ಊರೊಳಗೆ ಹೀಗೆ ಅಂಗಡಿ ತೆರೆದು ಕೂರುವಂತಿಲ್ಲ. ಈಚೆಗೆ ದುಬೈ ಕೆಲವು ಸಡಿಲಿಕೆ ಕೊಟ್ಟಿದೆ, ಆದರೆ ನಿಮ್ಮ ಅಣ್ಣ ಇರುವುದು ಶಾರ್ಜಾದಲ್ಲಿ, ಅದು ಬೇರೆ ಎಮಿರೇಟು. ನಿಮಗೆ ಬೇಕಾದದ್ದು ಶಾರ್ಜಾ ಆರ್ಥಿಕ ಅಭಿವೃದ್ಧಿ ಇಲಾಖೆಯ ಲೈಸೆನ್ಸು. ಅದರಲ್ಲಿ 'ಚಟುವಟಿಕೆ' ಎಂಬ ಸಾಲು ಇರುತ್ತದೆ. 'ಬಿಡಿಭಾಗ ಮಾರಾಟ' ಎಂದಷ್ಟೇ ಬರೆಸಿ ಅಂಗಡಿಯಲ್ಲಿ ರಿಪೇರಿ ಮಾಡಿದರೆ ತಪಾಸಣೆಗೆ ಬಂದವರು ದಂಡ ಹಾಕುತ್ತಾರೆ. ವೀಸಾ ಈ ಲೈಸೆನ್ಸಿನ ಬೆನ್ನಿಗೆ ಬರುವ ಕಾಗದ, ಅದಕ್ಕೆ ಮುಂಚೆ ಬರುವುದಲ್ಲ.

ಮೇನ್‌ಲ್ಯಾಂಡ್ ಎಂದಕೂಡಲೇ ಏಜೆಂಟರು "ಅರಬರ ಸ್ಪಾನ್ಸರ್ ಬೇಕು, 51 ಪರ್ಸೆಂಟ್ ಅವರಿಗೆ" ಎಂದು ಹೆದರಿಸುತ್ತಾರೆ. ಅದು ಹಳೆಯ ಕಥೆ. 2021ರ ಜೂನ್ 1ರಿಂದ ಬಹುಪಾಲು ವ್ಯಾಪಾರಗಳಲ್ಲಿ ಹೊರಗಿನವರು ನೂರಕ್ಕೆ ನೂರು ಮಾಲೀಕರಾಗಬಹುದು. ಇಂದಿಗೂ ಸ್ಪಾನ್ಸರ್ ಹೆಸರಿನಲ್ಲಿ ವರ್ಷ ವರ್ಷ ಇಷ್ಟು ಎಂದು ಯಾರಾದರೂ ಕೇಳಿದರೆ, ಯಾವ ಚಟುವಟಿಕೆಗೆ, ಯಾವ ನಿಯಮದಂತೆ ಎಂದು ಬರೆದು ಕೊಡಲು ಹೇಳಿ.

ಈ ದಾರಿಯಲ್ಲಿ ಕಂಪನಿ ಮಾಡಿದರೆ ಪಾಲುದಾರನಾಗಿ ನಿಮಗೆ ಸಾಮಾನ್ಯವಾಗಿ ಎರಡು ವರ್ಷದ ವಾಸದ ವೀಸಾ ಸಿಗುತ್ತದೆ. ಹತ್ತು ವರ್ಷದ ಗೋಲ್ಡನ್ ವೀಸಾ ಬಗ್ಗೆ ಸಂಬಂಧಿಕರ ಮದುವೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೂಡಿಕೆಯ ದಾರಿಯಲ್ಲಿ ಅದಕ್ಕೆ 20 ಲಕ್ಷ ದಿರ್ಹಮ್ ಬೇಕು, ಅದನ್ನು ಮರೆತುಬಿಡಿ. ನೀವು ಮರೆಯಬಾರದ್ದು ಬೇರೆ ಇದೆ: ಸಾಮಾನ್ಯ ವಾಸದ ವೀಸಾ ಇದ್ದವರು ಸತತ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ಬಿದ್ದುಹೋಗುತ್ತದೆ. ಹೆಸರಿಗೆ ಶಾರ್ಜಾದ ವೀಸಾ ಇಟ್ಟುಕೊಂಡು ಉದ್ಯಮಬಾಗದಲ್ಲೇ ಇರುತ್ತೇನೆಂದರೆ ನಡೆಯದು.

ಅಣ್ಣನ ಮಾತಿಗೆ ಬರುತ್ತೇನೆ. ಅವನ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಸಲಹೆಯ ಬಗ್ಗೆ ಇದೆ. ವಿಸಿಟ್ ವೀಸಾದಲ್ಲಿ ಹೋಗಿ ಮಾರುಕಟ್ಟೆ ನೋಡಬಹುದು, ಗಿರಾಕಿಗಳನ್ನು ಕಾಣಬಹುದು, ಬಾಡಿಗೆ ವಿಚಾರಿಸಬಹುದು. ವ್ಯಾಪಾರದ ಅವಕಾಶ ನೋಡಿ ಬರಲೆಂದೇ 2022ರ ಅಕ್ಟೋಬರ್‌ನಿಂದ ಒಂದು ಪ್ರವೇಶ ವೀಸಾ ಕೂಡ ಇದೆ, ಅದಕ್ಕೆ ಅಲ್ಲಿಯ ಸ್ಪಾನ್ಸರ್ ಬೇಡ. ಆದರೆ ಸ್ಪ್ಯಾನರ್ ಕೈಗೆತ್ತಿಕೊಂಡ ಕ್ಷಣ ಅದು ಕೆಲಸ. ನಿಮಗಿಂತ ಹೆಚ್ಚಾಗಿ ಆ ಇಬ್ಬರು ಫಿಟ್ಟರ್‌ಗಳದ್ದು ನನಗೆ ಚಿಂತೆ. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕನಿಗೆ 2024ರ ಆಗಸ್ಟ್‌ನಲ್ಲಿ ತಿದ್ದಿದ ಕಾನೂನಿನ ಪ್ರಕಾರ ದಂಡ 1 ಲಕ್ಷ ದಿರ್ಹಮ್‌ನಿಂದ 10 ಲಕ್ಷ ದಿರ್ಹಮ್‌ವರೆಗೆ. ಇಲ್ಲಿ ಮಾಲೀಕ ಎಂದರೆ ನೀವು. ನಿಮ್ಮ ಶೆಡ್ಡು, ಯಂತ್ರ ಎಲ್ಲ ಮಾರಿದರೂ ಆ ದಂಡದ ಮೇಲ್ತುದಿ ಮುಟ್ಟಲಾರಿರಿ. ಫಿಟ್ಟರ್‌ಗಳು ಹತ್ತನೇ ತರಗತಿ ಪಾಸಾಗಿರದಿದ್ದರೆ ಅವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕಾದ ಬಗೆಯದು, ಆಗಿರುತ್ತದೆ. ಯುಎಇಗೆ ಕೆಲಸಕ್ಕೆ ಹೋಗಲು ಇ-ಮೈಗ್ರೇಟ್ ಜಾಲತಾಣದ ಮೂಲಕ ಸರ್ಕಾರದ ಅನುಮತಿ ಪಡೆಯಬೇಕು. ವಿಸಿಟ್ ಮೇಲೆ ಹೋದವರು ಈ ರಕ್ಷಣೆಯ ಹೊರಗೆ ಉಳಿಯುತ್ತಾರೆ. ಏನಾದರೂ ಆದರೆ ಅವರ ಮನೆಯವರು ಬರುವುದು ನಿಮ್ಮ ಬಾಗಿಲಿಗೆ.

ಅಣ್ಣನದೂ ಹಾಗೆಯೇ. ಅವನ ವೀಸಾ ಕ್ರೇನ್ ಕಂಪನಿಯ ಹೆಸರಿನಲ್ಲಿದೆ. ಹಗಲು ಅಲ್ಲಿ, ಸಂಜೆ ನಿಮ್ಮ ಗಲ್ಲಾದಲ್ಲಿ ಎಂದರೆ ಅದಕ್ಕೆ ಪಾರ್ಟ್‌ಟೈಮ್ ಪರ್ಮಿಟ್ ಬೇಕು. ತನ್ನದೇ ಕಂಪನಿಯ ಗಿರಾಕಿಗಳನ್ನು ತಮ್ಮನ ಅಂಗಡಿಗೆ ತಿರುಗಿಸಿದ ಎಂಬ ಮಾತು ಬಂದರೆ ಇಷ್ಟು ವರ್ಷದ ನೌಕರಿ ಹೋಗುತ್ತದೆ. ಅವನೊಂದಿಗೆ ಇದನ್ನು ಫೋನಿನಲ್ಲಿ ಬಿಡಿಸಿ ಮಾತಾಡಿ. ಪಾಲು ಎಷ್ಟು, ಹಣ ಹಾಕುತ್ತಾನೋ ಬರೀ ಕೆಲಸವೋ, ನೌಕರಿ ಬಿಡುತ್ತಾನೋ ಇಲ್ಲವೋ ಎಲ್ಲವನ್ನೂ ಕಾಗದದ ಮೇಲೆ ಇಳಿಸಿ. ದೊಡ್ಡಪ್ಪನ ಮಗ ಎಂದು ಬರೆಸಿಕೊಳ್ಳಲು ನಾಚಿದವರ ಪತ್ರಗಳು ಈ ಅಂಕಣಕ್ಕೆ ಸಾಕಷ್ಟು ಬರುತ್ತವೆ.

ಅಮೆರಿಕದ ಇ-2 ಬಗ್ಗೆ ಹೆಚ್ಚು ಮಾತು ಬೇಡ. ಅಮೆರಿಕದೊಂದಿಗೆ ಆ ಬಗೆಯ ಒಪ್ಪಂದ ಇರುವ ದೇಶಗಳ ಪ್ರಜೆಗಳಿಗೆ ಮಾತ್ರ ಅದು ಸಿಗುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಭಾರತದ ಪಾಸ್‌ಪೋರ್ಟಿಗೆ ಇ-2 ಮಾಡಿಸುತ್ತೇನೆ ಎನ್ನುವವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ. ಎರಡರಲ್ಲಿ ಯಾವುದಾದರೂ ದೂರ ಇರಿ. ಹೂಡಿಕೆಯಿಂದ ಗ್ರೀನ್ ಕಾರ್ಡ್ ಕೊಡುವ ಇಬಿ-5ಕ್ಕೆ ಕನಿಷ್ಠ 8 ಲಕ್ಷ ಡಾಲರ್ ಬೇಕು, ಹತ್ತು ಜನರಿಗೆ ಅಲ್ಲಿ ಕೆಲಸ ಸೃಷ್ಟಿಸಬೇಕು. ಮುಂದೊಂದು ದಿನ ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿ, ಬೆಳೆದು, ಅಮೆರಿಕದಲ್ಲಿ ಶಾಖೆ ತೆರೆಯುವಂತಾದರೆ ಎಲ್-1ಎ ಇದೆ. ಇಲ್ಲಿಯ ಕಂಪನಿಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಸತತ ಒಂದು ವರ್ಷ ಮ್ಯಾನೇಜರ್ ದರ್ಜೆಯಲ್ಲಿ ದುಡಿದಿರಬೇಕು, ಹೊಸ ಶಾಖೆಗೆ ಮೊದಲು ಒಂದೇ ವರ್ಷ ಕೊಡುತ್ತಾರೆ, ಇಲ್ಲಿಯ ಕಂಪನಿ ನಡೆಯುತ್ತಲೇ ಇರಬೇಕು. ಸದ್ಯಕ್ಕೆ ನಿಮಗೆ ಬೇಕಾಗಬಹುದಾದದ್ದು ವ್ಯಾಪಾರದ ಭೇಟಿಗೆ ಕೊಡುವ ಬಿ-1 ವೀಸಾ ಅಷ್ಟೆ. ಲಾಸ್ ವೇಗಸ್‌ನಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಕಾನೆಕ್ಸ್‌ಪೊ ಯಂತ್ರಮೇಳಕ್ಕೆ ಹೋಗಿ ಆರ್ಡರ್ ಮಾತಾಡಿ ಬರಲು ಅದು ಸಾಕು.

ಹಣದ ವಿಚಾರವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಹೆಚ್ಚು ಭಯವಾದದ್ದು ಅಲ್ಲಿಯೇ. ರಿಸರ್ವ್ ಬ್ಯಾಂಕಿನ ಯೋಜನೆಯಂತೆ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದರಿಂದ ವಿದೇಶಿ ಕಂಪನಿಯ ಷೇರನ್ನೂ ಕೊಳ್ಳಬಹುದು. ಆದರೆ ಇಂಥ ಹೂಡಿಕೆಗೆ ಕಳಿಸುವ ಹಣಕ್ಕೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಶೆಡ್ ಮೇಲೆ ಸಾಲ ತೆಗೆದು ಶಾರ್ಜಾಕ್ಕೆ ಕಳಿಸುವ ಯೋಚನೆ ಅಲ್ಲಿಯೇ ನಿಂತಿತು. ಇನ್ನು ಏನೋ ಕಾರಣ ಬರೆದು ಸಾಲ ತೆಗೆದು ಕೈಯಿಂದ ಕೈಗೆ ದಾಟಿಸುವ ಸಲಹೆ ಯಾರಾದರೂ ಕೊಟ್ಟಾರು. ಅದು ಹವಾಲಾ, ವಿದೇಶಿ ವಿನಿಮಯ ಕಾನೂನಿನ (ಫೆಮಾ) ಕೇಸು. ಆ ಹಣದಿಂದ ಹುಟ್ಟಿದ ಕಂಪನಿ ಎಷ್ಟೇ ಲಾಭ ಮಾಡಲಿ, ಅದನ್ನು ರಾಜಾರೋಷವಾಗಿ ಊರಿಗೆ ತರಲಾರಿರಿ.

ಸ್ವಂತ ಉಳಿತಾಯ ಇದ್ದರೆ ದಾರಿ ನೇರವಾಗಿದೆ. ಫಾರಂ ಎಫ್‌ಸಿ ತುಂಬಿ ಬ್ಯಾಂಕಿಗೆ ಕೊಡಬೇಕು, ಅವರ ಮೂಲಕ ನಿಮ್ಮ ಹೂಡಿಕೆಗೆ ಒಂದು ಗುರುತಿನ ನಂಬರ್ ಬರುತ್ತದೆ, ಆಮೇಲೆ ಹಣ ಹೋಗುತ್ತದೆ. ಷೇರಿನ ಪ್ರಮಾಣಪತ್ರವನ್ನು ಆರು ತಿಂಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಂಪನಿಯ ಕಾರ್ಯನಿರ್ವಹಣೆಯ ವರದಿ ಕೊಡಬೇಕು. 10 ಲಕ್ಷ ರೂಪಾಯಿ ಮೇಲ್ಪಟ್ಟ ಹಣಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್, ಅಂದರೆ ಮೂಲದಲ್ಲೇ ತೆರಿಗೆ, ವಸೂಲಿ ಮಾಡುತ್ತದೆ. 30 ಲಕ್ಷ ಕಳಿಸಿದರೆ 4 ಲಕ್ಷ ಹೆಚ್ಚುವರಿಯಾಗಿ ಕೈಯಲ್ಲಿರಬೇಕು. ಅದು ಮುಳುಗುವ ಹಣವಲ್ಲ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ವಜಾ ಆಗುತ್ತದೆ, ಆದರೆ ಅಲ್ಲಿಯವರೆಗೆ ಸಿಕ್ಕಿಬಿದ್ದಿರುತ್ತದೆ. ಉದ್ಯಮಬಾಗದಲ್ಲಿ ಸ್ಟೀಲಿನವನ ಬಾಕಿ ತಿಂಗಳುಗಟ್ಟಲೆ ಎಳೆಯುವ ಸಣ್ಣ ಶೆಡ್ಡಿಗೆ ನಾಲ್ಕು ಲಕ್ಷ ಸಣ್ಣದಲ್ಲ.

ಕಾಗದದ ಒಂದು ತೊಡಕನ್ನು ಈಗಲೇ ನೋಡಿಕೊಳ್ಳಿ, ಇದು ಬೆಳಗಾವಿ ಕಡೆಯವರಿಗೆ ವಿಶೇಷ. ಮದುವೆಯ ದಿನ ಸೊಸೆಗೆ ಹೆಸರು, ಅಡ್ಡಹೆಸರು ಎರಡನ್ನೂ ಬದಲಿಸುವ ರೂಢಿ ನಿಮ್ಮಲ್ಲಿ ಹಲವು ಮನೆಗಳಲ್ಲಿದೆ. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಹೆಂಡತಿಯ ವೀಸಾಕ್ಕೆ ಮದುವೆ ಪ್ರಮಾಣಪತ್ರ ಬೇಕು, ಯುಎಇಗೆ ಅಪೋಸ್ಟಿಲ್ ಮುದ್ರೆ ಸಾಲದು, ಅವರ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಹೆಸರು ಹೊಂದದಿದ್ದರೆ ಎಲ್ಲ ಅಲ್ಲಿಯೇ ನಿಲ್ಲುತ್ತದೆ. ಅಂದಹಾಗೆ, ಅವ್ವನ ಮಾತು ಬರೆದಿರಿ, ಹೆಂಡತಿ ಏನಂದರು ಎಂಬುದನ್ನು ಬರೆದೇ ಇಲ್ಲ. ಕೇಳಿದ್ದೀರಾ?

ನಾನಾಗಿದ್ದರೆ ಏನು ಮಾಡುತ್ತಿದ್ದೆ ಹೇಳುತ್ತೇನೆ. ಮೊದಲ ವರ್ಷ ಕಂಪನಿಯೂ ಬೇಡ, ವಾಸದ ವೀಸಾವೂ ಬೇಡ. ಆಮದು ರಫ್ತಿಗೆ ಬೇಕಾದ ಐಇಸಿ ನಂಬರ್ ಇಲ್ಲದಿದ್ದರೆ ಮಾಡಿಸಿ. ಶಾರ್ಜಾಕ್ಕೆ ಹೋಗಿ ಎರಡು ವಾರ ಗ್ಯಾರೇಜುಗಳನ್ನು ಸುತ್ತಿ, ಬಿಡಿಭಾಗ ಮಾರುವ ಒಬ್ಬ ಡೀಲರನನ್ನು ಹಿಡಿದು ಬನ್ನಿ. ಉದ್ಯಮಬಾಗದಿಂದ ರಾಡ್, ಬುಷ್ ಕಳಿಸಿ. ಭಾರತ-ಯುಎಇ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ, ಮೂಲದ ಪ್ರಮಾಣಪತ್ರ ಲಗತ್ತಿಸಿದರೆ ಬಹಳಷ್ಟು ಮಾಲಿಗೆ ಅಲ್ಲಿಯ ಸುಂಕ ತಪ್ಪುತ್ತದೆ. ಯಾವ ಅಳತೆಯ ರಾಡ್ ಓಡುತ್ತದೆ, ಯಾರು ಹಣ ಸರಿಯಾಗಿ ಕೊಡುತ್ತಾರೆ ಎಂಬುದು ಒಂದು ವರ್ಷದಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ತಮ್ಮನೊಬ್ಬನೇ ಶೆಡ್ ನಡೆಸಬಲ್ಲನೋ ಎಂಬುದೂ ತಿಳಿಯುತ್ತದೆ. ನಡೆಸಬಲ್ಲನಾದರೆ ಅವನನ್ನು ಕಾಗದದಲ್ಲಿಯೂ ಪಾಲುದಾರ ಮಾಡಿ, ಆಮೇಲೆ ಮೇನ್‌ಲ್ಯಾಂಡ್ ಕಂಪನಿ, ಆಮೇಲೆ ನಿಮ್ಮ ವೀಸಾ, ಕೊನೆಗೆ ಫಿಟ್ಟರ್‌ಗಳದ್ದು. ಅಲ್ಲಿಯೂ ತೆರಿಗೆ ಇದೆ ಎಂಬುದು ನೆನಪಿರಲಿ: 2023ರ ಜೂನ್‌ನಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ 9 ಪರ್ಸೆಂಟ್. ಲಾಭ ಇರಲಿ ಬಿಡಲಿ, ನೋಂದಣಿ ಕಡ್ಡಾಯ.

ಏಜೆಂಟರಿಗೆ ಹೇಳಬೇಕಾದ್ದು ಇಷ್ಟು: ಲೈಸೆನ್ಸಿನ ಚಟುವಟಿಕೆಯ ಸಾಲಿನಲ್ಲಿ ಏನು ಬರುತ್ತದೆ, ಆ ಲೈಸೆನ್ಸಿನ ಮೇಲೆ ಶಾರ್ಜಾದ ಊರೊಳಗೆ ಸಿಲಿಂಡರ್ ರಿಪೇರಿ ಮಾಡಬಹುದೋ ಇಲ್ಲವೋ, ತಮ್ಮ ಲೆಟರ್‌ಹೆಡ್ ಮೇಲೆ ಬರೆದು ಸಹಿ ಮಾಡಿ ಕೊಡಲಿ. ಕೊಡದಿದ್ದರೆ ಆ ಒಂದು ಲಕ್ಷ ನಿಮ್ಮ ಖಾತೆಯಲ್ಲೇ ಇರಲಿ.