ಮಗಳ ಓದಿಗೆ ಎರಡು ದಾರಿ: ಹೋಗಿ ನೋಡಿ, ಕೇಳಿ, ಆಮೇಲೆ ಆರಿಸಿ



ಎಮ್ಮೆ ಕೊಳ್ಳುವಾಗ ನಾವು ಹಲ್ಲು ನೋಡ್ತೀವಿ, ಹಾಲು ಕರೆದು ನೋಡ್ತೀವಿ, ನೆರೆಮನೆಯವರನ್ನೂ ಕೇಳ್ತೀವಿ. ಆದರೆ ಮಗಳನ್ನು ಓದಿಗೆ ಕಳಿಸುವಾಗ ಫೀ ಎಷ್ಟು, ಬಸ್ ಐತೋ ಇಲ್ಲೋ ಎಂದಷ್ಟೇ ಕೇಳಿ ಸುಮ್ಮನಾಗ್ತೀವಿ.

ಕೆಲವು ವರ್ಷಗಳ ಹಿಂದೆ ಸಂಘದ ಒಬ್ಬ ತಾಯಿ ಸಾಲ ತೆಗೆದು ಮಗಳನ್ನು ದೂರದ ಊರಿಗೆ ಕಳಿಸಿದರು. ಮೂರೇ ತಿಂಗಳಲ್ಲಿ ಹುಡುಗಿ ಮರಳಿ ಬಂದಳು. ಪಾಠ ಕಷ್ಟವಾಗಿರಲಿಲ್ಲ. ಹಾಸ್ಟೆಲ್‌ನಲ್ಲಿ ಅವಳ ಮಾತಿಗೆ ನಗುತ್ತಿದ್ದರು, ಜೊತೆಗೆ ಕೂತು ಉಣ್ಣುವವರು ಯಾರೂ ಇರಲಿಲ್ಲ. ಆ ವರ್ಷವೇ ಮದುವೆ ಆಯ್ತು. ಸಾಲದ ಕಂತು ಮಾತ್ರ ಉಳಿಯಿತು. ಮೊದಲೇ ವಿಚಾರಿಸದೇ ಇದ್ದದ್ದು ನಮ್ಮ ತಪ್ಪೂ ಹೌದು.

ಮುಂದೆ ರೋಣ ಕಡೆಯ ಇನ್ನೊಬ್ಬ ತಾಯಿ ಬಂದರು. ಮಗಳಿಗೆ ಎಂ.ಎಸ್.ಡಬ್ಲ್ಯೂ. ಓದುವ ಆಸೆ. ಒಂದು ಕಡೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1949ರಲ್ಲಿ ಸ್ಥಾಪನೆಯಾದದ್ದು, ಹುಡುಗ-ಹುಡುಗಿಯರು ಕೂಡಿ ಓದುವ ಜಾಗ. ಇನ್ನೊಂದು ಕಡೆ ವಿಜಯಪುರದ ಅಕ್ಕಮಹಾದೇವಿ ವಿಶ್ವವಿದ್ಯಾಲಯ. 2003ರಲ್ಲಿ ಮಹಿಳೆಯರಿಗಾಗಿಯೇ ಶುರುವಾದದ್ದು. "ಸಿಸ್ಟರ್, ಯಾವುದು ಛಲೋ ಐತ್ರಿ?" ಅಂದರು.

"ಇಬ್ಬರೂ ಹೋಗಿ ನೋಡ್ರಿ" ಎಂದೆವು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚೂ ಇಲ್ಲ.

ಹೋದಾಗ ಕೇಳಬೇಕಾದದ್ದು:

1. ಹಾಸ್ಟೆಲ್‌ನಲ್ಲಿ ಜಾಗ ಸಿಗುತ್ತದೆಯೇ? ಒಂದು ಕೋಣೆಯಲ್ಲಿ ಎಷ್ಟು ಜನ? ನೀರು, ಊಟ ಹೇಗೆ?
2. ಸಂಜೆ ಮತ್ತು ಭಾನುವಾರ ಹುಡುಗಿಯರು ಏನು ಮಾಡ್ತಾರೆ? ಗ್ರಂಥಾಲಯ, ಆಟ, ಹಾಡು, ನಾಟಕ ಉಂಟೇ?
3. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದವರ ಜೊತೆ ಉಳಿದವರು ಬೆರೆಯುತ್ತಾರೆಯೇ? ಜಾತಿ ನೋಡಿ ದೂರ ಕೂರುತ್ತಾರೆಯೇ?
4. ತೊಂದರೆಯಾದರೆ ಯಾರಿಗೆ ಹೇಳಬೇಕು? 2013ರ ಕಾನೂನಿನಂತೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ರ‍್ಯಾಗಿಂಗ್ ತಡೆಯಲು ಯು.ಜಿ.ಸಿ. 2009ರಲ್ಲೇ ನಿಯಮ ಮಾಡಿದೆ. ಸಹಾಯವಾಣಿ 1800-180-5522, ಇದನ್ನು ಮಗಳ ಪುಸ್ತಕದಲ್ಲಿ ಬರೆದಿಡಿ.

ಇದನ್ನೆಲ್ಲಾ ಆಫೀಸಿನಲ್ಲಿ ಮಾತ್ರ ಕೇಳಬೇಡಿ. ಕೊನೆಯ ವರ್ಷದ ಹುಡುಗಿಯರ ಜೊತೆ ಕೂತು ಮಾತಾಡಿ. ಒಬ್ಬಳ ಮಾತು ಸಾಲದು, ಮೂವರನ್ನಾದರೂ ಕೇಳಿ. ಮಗಳು ತಾನೇ ಕೇಳಲಿ.

ತಾಯಿಗೆ ವಿಜಯಪುರ ಮನಸ್ಸಿಗೆ ಬಂತು. ಮಗಳು ಹೇಳಿದಳು: "ಅವ್ವಾ, ನಾಳೆ ಪಂಚಾಯ್ತಿಯೊಳಗ ಗಂಡಸರ ಮುಂದ ನಿಂತು ಮಾತಾಡಬೇಕು. ಈಗ್ಲೇ ರೂಢಿ ಆಗ್ಲಿ." ತಾಯಿ ಧಾರವಾಡದ ಹುಡುಗಿಯರ ಜೊತೆ ಇನ್ನೊಮ್ಮೆ ಮಾತಾಡಿ ಒಪ್ಪಿದರು. ಗಜೇಂದ್ರಗಡದ ಇನ್ನೊಬ್ಬ ಹುಡುಗಿ ಹುಡುಗರ ನಡುವೆ ಬಾಯಿ ಬಿಡುತ್ತಿರಲಿಲ್ಲ. ಅವಳು ವಿಜಯಪುರ ಆರಿಸಿದಳು. ಎರಡೂ ಸರಿಯೇ. ಹೆಣ್ಣುಮಕ್ಕಳದ್ದೇ ಎಂದ ಮಾತ್ರಕ್ಕೆ ಒಂಟಿತನ ಇರೋದಿಲ್ಲ ಎಂದಲ್ಲ, ಕೂಡಿ ಓದುವುದು ಎಂದ ಮಾತ್ರಕ್ಕೆ ಅಪಾಯ ಎಂದೂ ಅಲ್ಲ. ಮಗಳು ಎಲ್ಲಿ ನೆಲೆ ನಿಂತು ಓದು ಮುಗಿಸುತ್ತಾಳೋ ಅದೇ ಅವಳಿಗೆ ಒಳ್ಳೆಯ ಜಾಗ.

ಸಂಘದ ಸಭೆಯಲ್ಲಿ ಚರ್ಚಿಸಿ:

• ನಮ್ಮ ಊರಿನಿಂದ ಹೊರಗೆ ಓದಲು ಹೋದ ಹುಡುಗಿಯರು ಯಾರು? ಅವರನ್ನು ಒಂದು ಸಭೆಗೆ ಕರೆಯೋಣವೇ?
• ಓದು ಬಿಟ್ಟು ಬಂದವರಿದ್ದರೆ, ಕಾರಣವನ್ನು ನಾವು ಅವರಿಂದಲೇ ಕೇಳಿದ್ದೇವೆಯೇ?